ಅಕ್ಕನ ಹೆಬ್ಬೆರಳು

ಅಕ್ಕನ ಹೆಬ್ಬೆರಳಲ್ಲಿ ಭಯ ಸೇರಿಕೊಂಡಿದೆ ಎಂದು ಮೊದಲು ಕಂಡುಹಿಡಿದ ಮಹಾನುಭಾವ ಸೀಟಿ. ಕೊರಳಲ್ಲಿ ಸದಾ ಒಂದು ಸೀಟಿ ತೂಗಿಸಿಕೊಂಡು ಓಡಾಡುವುದರಿಂದ ಎಲ್ಲರ ಬಾಯಲ್ಲೂ ಅವನಿಗೆ ಅದೇ ಹೆಸರು. ಕಲ್ಲು ಒಡೆದು ಮುಗಿಸಿ ಯಾರಿಗೂ ಬೇಡವೆಂದು ಬಿಟ್ಟಿದ್ದ ಒಂದು ಹಳೆಯ ಕ್ವಾರಿಯನ್ನು ಹಿಡಿದು, ಸುತ್ತ ತಂತಿಬೇಲಿ ಎಳೆದು, ಗೇಟಿನ ಮೇಲೆ ಬಣ್ಣದ ಬೋರ್ಡು ಹಾಕಿ, ರಜೆಯ ದಿನ ಬರುವ ಜನ ಎಟಿವಿ ಓಡಿಸುವ ಜಾಗ ಮಾಡಿಕೊಂಡಿದ್ದಾನೆ. ಎಟಿವಿ ಅಂದರೆ ಬೈಕಿನ ಹ್ಯಾಂಡಲ್ಲಿಗೆ ನಾಲ್ಕು ದಪ್ಪ ಚಕ್ರ ಕೊಟ್ಟು ಕೆಸರಿಗೆ ಬಿಟ್ಟ ಹಾಗೆ. ಗೇರು ಹಾಕುವ ತಲೆನೋವಿಲ್ಲ. ಬಲಗೈ ಹೆಬ್ಬೆರಳಿಗೆ ಸಿಗುವಂತೆ ಒಂದು ಪುಟ್ಟ ಲಿವರ್ ಇರುತ್ತದೆ, ಒತ್ತಿದರೆ ಓಡುತ್ತದೆ, ಬಿಟ್ಟರೆ ನಿಧಾನವಾಗುತ್ತದೆ. ಆಫೀಸಿನಲ್ಲಿ ಕುರ್ಚಿ ತಿರುಗಿಸುವುದು ಬಿಟ್ಟರೆ ಬೇರೇನೂ ತಿರುಗಿಸಿ ಗೊತ್ತಿಲ್ಲದವನೂ ಇದರ ಮೇಲೆ ಕೂತ ಕೂಡಲೇ ಎದೆ ಮುಂದೆ ಮಾಡುತ್ತಾನೆ.

ಇಂಥವರ ಸಾಲಿಗೆ ಮುಂದಿನ ಗಾಡಿ ನನ್ನ ಅಕ್ಕನದು. ದಾರಿ ತೋರಿಸುವವಳು ಅವಳು. ಕಲ್ಲಿನ ಇಳಿಜಾರು, ಕೆಸರಿನ ತಿರುವು ಎಲ್ಲ ದಾಟಿ ಕೊನೆಗೆ ಕ್ವಾರಿಯ ತಳದಲ್ಲಿ ಅಡ್ಡಲಾಗಿ ಒಂದು ನೀರಿನ ಹಳ್ಳ ಬರುತ್ತದೆ. ನೀರು ಕಾಲಿಡುವ ಹಲಗೆಯ ಮೇಲಕ್ಕೆ ಬರುವಷ್ಟು ಆಳ. ಅಕ್ಕ ಮೊದಲು ಇಳಿದು, ನಡುನೀರಲ್ಲಿ ಪಕ್ಕಕ್ಕೆ ಸರಿದು ನಿಂತು, ಹಿಂದೆ ಬರುವವರನ್ನು ಒಬ್ಬೊಬ್ಬರನ್ನಾಗಿ ದಾಟಿಸಬೇಕು. ಅಲ್ಲೇ ಅವಳ ಗಾಡಿ ಆಫ್ ಆಗುವುದು. ಕೆಮ್ಮುತ್ತದೆ, ನಡುಗುತ್ತದೆ, ಸಾಯುತ್ತದೆ. ಹಗ್ಗ ಕಟ್ಟಿ ದಡಕ್ಕೆ ಎಳೆದು ಬಟನ್ ಒತ್ತಿದರೆ ಏನೂ ಆಗಿಯೇ ಇಲ್ಲವೆಂಬಂತೆ ಗುರ್ ಎನ್ನುತ್ತದೆ. ಹಿಂದೆ ಬಂದವರು ಕ್ವಾರಿ ಮರುದನಿಸುವ ಹಾಗೆ ನಗುತ್ತಾರೆ, ಫೋನು ತೆಗೆದು ವಿಡಿಯೊ ಮಾಡುತ್ತಾರೆ. ಅವರ ಹೆಂಡತಿಯರು ದಡದಿಂದ, "ಪಾಪ, ಹುಡುಗಿ ಹೆದರ್ಕೊಂಡ್ಳು," ಎನ್ನುತ್ತಾರೆ.

"ಗಾಡಿಲಿ ಏನೂ ಇಲ್ಲಮ್ಮ," ಎಂದು ಸೀಟಿ ತೀರ್ಪು ಕೊಟ್ಟ. "ನೀರು ಕಂಡ ಕೂಡ್ಲೆ ನಿನ್ನ ಹೆಬ್ಬೆರಳು ಸಡಿಲ ಆಗತ್ತೆ. ನೋಡು ನಮ್ಮ ಹುಡುಗನ್ನ. ಒಂದು ದಿನ ನಿಂತಿದ್ಯಾ ಅವನ ಗಾಡಿ?"

ನಮ್ಮ ಹುಡುಗ ಅಂದರೆ ಅವನ ಬಾಮೈದ. ಕಪ್ಪು ಕನ್ನಡಕ, ಬೆರಳಿಲ್ಲದ ಗ್ಲೌಸು. ಬಾಮೈದ ಹಳ್ಳಕ್ಕೆ ಇಳಿಯುವುದೇ ಇಲ್ಲ, ಹಾರುತ್ತಾನೆ. ಎರಡೂ ಬದಿಗೆ ನೀರಿನ ರೆಕ್ಕೆ ಎಬ್ಬಿಸಿಕೊಂಡು ಆ ಕಡೆ ಹತ್ತಿ ಕೈ ಎತ್ತುತ್ತಾನೆ. ಅವನ ಗಾಡಿ ಒಂದು ದಿನವೂ ನಿಂತಿಲ್ಲ, ಅದು ನಿಜ. ಆ ಒಂದು ನಿಜವನ್ನು ಹಿಡಿದು ಸೀಟಿ ಇನ್ನೊಂದು ತೀರ್ಪನ್ನೂ ಕೊಟ್ಟ. ಭಾನುವಾರ ಬೆಳಿಗ್ಗೆ ಗೇಟು ತೆಗೆಯುವ ಮೊದಲು ಅಕ್ಕ ಅವನ ಕಣ್ಣೆದುರೇ ಹಳ್ಳಕ್ಕೆ ಇಳಿಯಬೇಕು. ಗಾಡಿ ಮತ್ತೆ ಸತ್ತರೆ ಮುಂದಿನ ಗಾಡಿ ಬಾಮೈದನಿಗೆ. ಅಕ್ಕ ಗೇಟಿನ ಹತ್ತಿರ ಕೂತು ಹೆಲ್ಮೆಟ್ ಕೊಡಬೇಕು, ವಾಪಸ್ ತಗೊಳ್ಳಬೇಕು, ಒಳಗಿನ ಬೆವರು ಒರೆಸಿಡಬೇಕು.

"ಒಳ್ಳೇದೇ ಆಯ್ತಲ್ಲ," ಎಂದಳು ಅಮ್ಮ. "ನೆರಳಲ್ಲಿ ಕೂರಬಹುದು. ಒಣಗಿದ ಬಟ್ಟೇಲಿ ಮನೆಗೆ ಬರಬಹುದು."

ಈ ಕೆಲಸಕ್ಕೂ ಮೊದಲು ಅಕ್ಕ ಹೊಲಿಗೆ ಕಾರ್ಖಾನೆಯಲ್ಲಿದ್ದಳು. ಅಲ್ಲಿ ಬೆನ್ನ ಹಿಂದೆ ಸೂಪರ್‌ವೈಸರ್, ಅವನ ಬೆನ್ನ ಹಿಂದೆ ಇನ್ನೊಬ್ಬ. ಈ ಗಾಡಿಯ ಮೇಲೆ ಕೂತಾಗ ಅವಳ ಹಿಂದೆ ಇರುವವರೆಲ್ಲ ಅವಳು ಹೋದ ದಾರಿಯಲ್ಲೇ ಬರಬೇಕು. ಅಷ್ಟು ಸಿಕ್ಕಿದವಳನ್ನು ಹೆಲ್ಮೆಟ್ಟಿನ ಬೆವರು ಒರೆಸು ಎಂದು ಕೂರಿಸಿದರೆ ಅವಳು ಕೂರುತ್ತಾಳೆ. ಕೂತು ಹಾಗೇ ಒಣಗುತ್ತಾಳೆ. ಅದು ನನಗೆ ಗೊತ್ತಿತ್ತು, ಅಮ್ಮನಿಗೆ ಗೊತ್ತಿರಲಿಲ್ಲ.

ಕ್ವಾರಿಯ ಎಲ್ಲ ಗಾಡಿಗಳೂ ರಿಪೇರಿಗೆ ಬರುವುದು ಮಾವನ ವರ್ಕ್‌ಶಾಪಿಗೆ. ಮಾವ ಅಂದರೆ ಅಮ್ಮನ ತಮ್ಮ. ನಾನು ಅಲ್ಲಿಯೇ ಕೆಲಸ ಮಾಡುವುದು. ಮಾವನ ವರ್ಕ್‌ಶಾಪು ನೋಡಿದರೆ ದವಾಖಾನೆ ಎನ್ನಬೇಕು. ಸ್ಪ್ಯಾನರುಗಳು ಗೋಡೆಯ ಮೇಲೆ ಎತ್ತರದ ಪ್ರಕಾರ ಸಾಲಾಗಿ ನಿಂತಿರುತ್ತವೆ. ನೆಲಕ್ಕೆ ಆಯಿಲ್ ಬಿದ್ದರೆ ಗಾಡಿಯನ್ನು ಬಿಟ್ಟು ಮೊದಲು ನೆಲ ಒರೆಸಬೇಕು. ಯಾವ ಗಾಡಿ ಬಂದರೂ ಕೆಲಸ ಮುಗಿದ ಮೇಲೆ ಅದರಲ್ಲಿ ನೇತಾಡುವ ವೈರು, ಪೈಪು ಏನಿದೆಯೋ ಎಲ್ಲವನ್ನೂ ಒಟ್ಟು ಸೇರಿಸಿ, ಒಮ್ಮೆ ಎಳೆದರೆ ಮತ್ತೆ ಬಿಡದ ಕಪ್ಪು ಪ್ಲಾಸ್ಟಿಕ್ ಟ್ಯಾಗಿನಿಂದ ಬಿಗಿದು, ಟ್ಯಾಗಿನ ಬಾಲವನ್ನು ಉಗುರು ಕತ್ತರಿಸುವ ಕಟರಿನಿಂದ ಬುಡಕ್ಕೆ ಕತ್ತರಿಸುತ್ತಾನೆ. ಆ ಕಟರು ಸದಾ ಅವನ ಅಂಗಿಯ ಜೇಬಿನಲ್ಲಿರುತ್ತದೆ. "ನಮ್ಮ ಕೈ ದಾಟಿದ ಗಾಡಿ ಅಂತ ನೋಡಿದ್ರೇ ಗೊತ್ತಾಗ್ಬೇಕು," ಎನ್ನುತ್ತಾನೆ. ಗಿರಾಕಿಗಳೂ ಇಂಜಿನ್ ಕೇಳುವುದಿಲ್ಲ, ಬಗ್ಗಿ ಟ್ಯಾಗು ನೋಡಿ, "ಎಷ್ಟು ನೀಟಾಗಿದೆ ಮೇಸ್ತ್ರಿ," ಎಂದು ಹೋಗುತ್ತಾರೆ. ಜನಕ್ಕೆ ಗಾಡಿ ಓಡುವುದಕ್ಕಿಂತ ತಲೆ ಬಾಚಿಕೊಂಡಿರುವುದು ಮುಖ್ಯ.

ಅಕ್ಕನ ಗಾಡಿಯನ್ನು ನಾನು ಬಿಚ್ಚಿ ಕೂತೆ. ನೀರಲ್ಲಿ ಸಾಯುವ ಗಾಡಿ ಅಂದರೆ ಎಲ್ಲರೂ ಮೊದಲು ನೋಡುವುದು ಪ್ಲಗ್ಗು. ಹೊಸ ಪ್ಲಗ್ಗು ಹಾಕಿದೆ, ಅದರ ಟೋಪಿಗೆ ನೀರು ಇಳಿಯದ ಹಾಗೆ ಗ್ರೀಸು ತುಂಬಿದೆ. ಏರ್ ಫಿಲ್ಟರಿನ ಡಬ್ಬಿ ತೆರೆದರೆ ಒಳಗೆ ಒಂದು ಹನಿ ನೀರಿಲ್ಲ, ಧೂಳಿತ್ತು. ಆಮೇಲೆ ನನಗೆ ಹೊಳೆದದ್ದು ಪೆಟ್ರೋಲು. ಸೀಟಿಯಂಥವನು ಪೆಟ್ರೋಲಿಗೆ ನೀರು ಬೆರೆಸದೆ ಇರುತ್ತಾನೆಯೇ? ಒಂದು ಬಾಟಲಿಗೆ ಬಸಿದು ಕಿಟಕಿಯ ಹತ್ತಿರ ಇಟ್ಟು, ನೀರು ತಳಕ್ಕೆ ಇಳಿಯಲಿ, ಅದನ್ನು ಅವನ ಮುಖದ ಮುಂದೆ ಹಿಡಿಯುತ್ತೇನೆ ಎಂದು ಕಾದೆ. ಹಿಡಿಯುವಾಗ ಏನು ಹೇಳಬೇಕೆಂಬುದನ್ನೂ ಜೋಡಿಸಿಕೊಂಡಿದ್ದೆ. ಸಂಜೆಯಾದರೂ ಪೆಟ್ರೋಲು ಗಾಜಿನ ಹಾಗೆ ಶುದ್ಧವಾಗಿಯೇ ಇತ್ತು. ಅಷ್ಟು ಚೆನ್ನಾಗಿ ಜೋಡಿಸಿದ ಮಾತು ದಂಡವಾಯಿತು.

ಅದೇ ಹೊತ್ತಿಗೆ ಬಾಮೈದ ಬಂದ. ಫೋನು ಮುಂದೆ ಹಿಡಿದ.

"ಇದು ನೋಡು. ಸ್ನಾರ್ಕೆಲ್ ಅಂತಾರೆ. ಇಂಜಿನ್ನಿಂದ ಮೇಲಕ್ಕೆ ಉದ್ದ ಪೈಪು. ಎಷ್ಟು ನೀರಿದ್ರೂ ಹೋಗತ್ತೆ. ಹಾಕಿಸ್ಬಿಡಿ."

"ಆನೆ ಸೊಂಡಿಲಾ?"

"ತಮಾಷೆ ಅಲ್ಲ ಗುರು. ಫಾರಿನ್ನಲ್ಲಿ ಎಲ್ಲರೂ ಹಾಕಿಸ್ತಾರೆ."

"ನಿನ್ನ ಗಾಡಿಗೆ ಹಾಕಿಲ್ವಲ್ಲ, ಅದು ಹೆಂಗೆ ಹೋಗತ್ತೆ?"

"ನಂದು ಬಿಡು," ಎಂದು ಕನ್ನಡಕ ಮೇಲಕ್ಕೇರಿಸಿದ. "ಓಡಿಸೋರ ಮೇಲಿರತ್ತೆ."

ನನ್ನ ಕೈಯಲ್ಲಿದ್ದ ಸ್ಪ್ಯಾನರನ್ನು ಮಾವ ಮೆಲ್ಲಗೆ ತೆಗೆದುಕೊಂಡು ಗೋಡೆಗೆ ತೂಗುಹಾಕಿದ. ಅದರ ಜಾಗದಲ್ಲೇ.

ಮನೆಗೆ ಬಂದರೂ ನನ್ನ ಬಾಯಿ ನಿಲ್ಲಲಿಲ್ಲ. ಸೀಟಿಯ ಹೊಟ್ಟೆ, ಬಾಮೈದನ ಗ್ಲೌಸು, ವಿಡಿಯೊ ಮಾಡುವ ಜನ, ಅವರನ್ನು ಹೆತ್ತವರು, ಎಲ್ಲರ ಮೇಲೂ ಒಂದು ಸುತ್ತು ಬಂದೆ. ಅಕ್ಕ ಒಲೆಯ ಪಕ್ಕ ತನ್ನ ಬೂಟಿನ ಒಳಗೆ ಹಳೆಯ ಪೇಪರು ತುರುಕುತ್ತಿದ್ದಳು, ಒದ್ದೆ ಹೀರಲಿ ಎಂದು. ನಾನು ಉಸಿರೆಳೆದುಕೊಳ್ಳುವ ಸಂದಿಯಲ್ಲಿ ಹೇಳಿದಳು:

"ದಾಟುವಾಗ ಆಫ್ ಆಗಲ್ಲ ಕಣೋ. ನಿಂತಾಗ ಆಗೋದು."

"ಏನು?"

"ಇಳಿಯುವಾಗ ಚೆನ್ನಾಗೇ ಇರತ್ತೆ. ನಡುವೆ ನಿಂತು ಎಲ್ಲರೂ ಬರ್ಲಿ ಅಂತ ಕಾಯ್ತೀನಲ್ಲ, ಆವಾಗ. ಇಬ್ಬರು ದಾಟೋವರೆಗೂ ಸರಿ ಇರತ್ತೆ. ಆಮೇಲೆ ಹಸಿದೋರ ಹೊಟ್ಟೆ ಥರ ಗೊರಗೊರ ಅನ್ನತ್ತೆ."

"ಇದನ್ನ ಮೊದಲೇ ಹೇಳೋದಲ್ವಾ?"

"ಹೇಳ್ದೆನಲ್ಲ. ನಿನ್ನೆ ಹೇಳ್ದೆ, ಮೊನ್ನೆ ಹೇಳ್ದೆ. ನೀನು ಸೀಟಿಗೆ ಬಯ್ತಾ ಇದ್ದೆ."

ಅಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ನಗಲಿ.

ಹಸಿದ ಹೊಟ್ಟೆ ಎಂದಳಲ್ಲ, ಆ ಮಾತು ತಲೆಯಲ್ಲೇ ಕೂತಿತು. ಬೆಳಿಗ್ಗೆ ಮಾವನಿಗಿಂತ ಮೊದಲು ಹೋಗಿ ಷಟರ್ ಎತ್ತಿ, ಗಾಡಿಯ ಪಕ್ಕ ನೆಲಕ್ಕೆ ಮಲಗಿದೆ. ಇಂಜಿನ್ನಿಗೆ ಪೆಟ್ರೋಲು ಕುಡಿಸುವುದು ಕಾರ್ಬುರೇಟರ್. ಅದರ ತಳದಲ್ಲಿ ಒಂದು ಬಟ್ಟಲು, ಆ ಬಟ್ಟಲಿನಲ್ಲಿ ಸ್ವಲ್ಪ ಪೆಟ್ರೋಲು. ಬಟ್ಟಲಿನಿಂದ ಪೆಟ್ರೋಲು ಹೊರಗೆ ಹೋದಷ್ಟೂ ಒಳಗೆ ಗಾಳಿ ಬರಬೇಕು, ಇಲ್ಲದಿದ್ದರೆ ಪೆಟ್ರೋಲು ಕದಲುವುದಿಲ್ಲ. ಅದಕ್ಕೆಂದೇ ಒಂದು ಸಣ್ಣ ರಬ್ಬರಿನ ಗಾಳಿ ಪೈಪು ಇರುತ್ತದೆ. ಬೈಕಿನಲ್ಲಿ ಆ ಪೈಪು ಕೆಳಗೆ ನೇತಾಡಿದರೂ ನಡೆಯುತ್ತದೆ. ಬೈಕು ಯಾರೂ ಹಳ್ಳದ ನಡುವೆ ನಿಲ್ಲಿಸಿ ಹಿಂದಿನವರನ್ನು ಕಾಯುವುದಿಲ್ಲ. ಎಟಿವಿ ಮಾಡಿದವನಿಗೆ ನೀರಿನ ಯೋಚನೆ ಇತ್ತು. ಅವನು ಅದನ್ನು ಮೇಲಕ್ಕೆ ಹಾಯಿಸಿ ಹ್ಯಾಂಡಲ್ಲಿನ ಕೆಳಗೆ ಸಿಕ್ಕಿಸಿರಬೇಕು, ಏಕೆಂದರೆ ಅಲ್ಲಿ ಅದನ್ನು ಹಿಡಿದಿಡುವ ಕೊಕ್ಕೆ ಖಾಲಿ ಬಾಯಿ ತೆರೆದುಕೊಂಡು ನಿಂತಿತ್ತು.

ಪೈಪು ಎಲ್ಲಿ? ಬೆರಳಾಡಿಸುತ್ತ ಕೆಳಗೆ ಬಂದೆ. ಕಾಲಿಡುವ ಹಲಗೆಯ ಕೆಳಗೆ, ಬೇರೆ ಪೈಪುಗಳ ಜೊತೆ ಸೇರಿಸಿ, ಸೈನಿಕರ ಸಾಲಿನ ಹಾಗೆ ತುದಿಗೆ ತುದಿ ಸಮ ಮಾಡಿ, ಕಪ್ಪು ಟ್ಯಾಗಿನಿಂದ ಬಿಗಿದಿತ್ತು. ಬಾಲ ಬುಡಕ್ಕೆ ಕತ್ತರಿಸಿತ್ತು. ಬೆರಳಿಗೆ ಒಂದು ಚೂರೂ ಚುಚ್ಚಲಿಲ್ಲ.

ಗಾಡಿ ಸ್ಟಾರ್ಟ್ ಮಾಡಿದೆ. ಪೈಪಿನ ತುದಿಗೆ ನನ್ನ ಹೆಬ್ಬೆರಳು ಒತ್ತಿ ಹಿಡಿದೆ. ಸ್ವಲ್ಪ ಹೊತ್ತು ಓಡಿತು. ಆಮೇಲೆ ಗೊರಗೊರ, ನಡುಕ, ಸಾವು. ಹೆಬ್ಬೆರಳು ತೆಗೆದು ಬಟನ್ ಒತ್ತಿದೆ, ಎದ್ದಿತು. ಮತ್ತೆ ಒತ್ತಿದೆ, ಮತ್ತೆ ಸತ್ತಿತು. ಹಳ್ಳದಲ್ಲಿ ಪೈಪಿನ ತುದಿ ಮುಳುಗಿದಾಗ ನೀರು ಮಾಡುತ್ತಿದ್ದದ್ದೂ ಇದನ್ನೇ. ಬಾಮೈದ ಹಾರಿ ಹೋಗುವಷ್ಟು ಹೊತ್ತಿಗೆ ಬಟ್ಟಲಲ್ಲಿದ್ದದ್ದೇ ಸಾಕು. ನಿಂತು ಕಾಯುವವಳಿಗೆ ಸಾಲುವುದಿಲ್ಲ. ಕೆಲಸವನ್ನು ಸರಿಯಾಗಿ ಮಾಡುತ್ತಿದ್ದವಳು ಅವಳೊಬ್ಬಳೇ, ಆದ್ದರಿಂದ ಅವಳ ಗಾಡಿ ಮಾತ್ರ ಸಾಯುತ್ತಿತ್ತು.

ಮಾವ ಬಂದು ಬಾಗಿಲಲ್ಲಿ ನಿಂತಿದ್ದ.

"ಮಾವ, ಇಲ್ಲಿ ನೋಡು. ಯಾರ ಕೈಗುಣ ಅಂತ."

ನೋಡಿದ. ತಾನೇ ಬಗ್ಗಿ ಪೈಪಿನ ತುದಿ ಮುಚ್ಚಿ ಸಾಯಿಸಿ ನೋಡಿದ. ಎದ್ದು ಕೈ ಒರೆಸಿಕೊಂಡ, ಬೆರಳಿನ ಸಂದಿಗಳನ್ನೂ ಬಿಡದೆ.

"ಇಷ್ಟು ವರ್ಷ ಬೈಕಿಗೆ ಕಟ್ಟಿದೀನಿ. ಒಂದೂ ನಿಂತಿಲ್ಲ."

"ಇದು ಬೈಕಲ್ಲ ಮಾವ."

"ಗೊತ್ತಾಯ್ತಪ್ಪ. ಟ್ಯಾಗ್ ಕತ್ತರಿಸು. ಪೈಪ್ ಮೇಲಕ್ಕೆ ಹಾಕು. ಭಾನುವಾರ ಗಾಡಿ ನಿಲ್ಲಲ್ಲ, ಅವಳ ಕೆಲಸ ಉಳಿಯತ್ತೆ. ಅಷ್ಟು ತಾನೆ ಬೇಕಾಗಿದ್ದು?"

"ಉಳಿದ ಗಾಡಿಗಳು?"

"ಸರ್ವೀಸಿಗೆ ಬಂದಾಗ ಸದ್ದಿಲ್ದೆ ಸರಿ ಮಾಡೋಣ. ಎಲ್ಲಕ್ಕೂ ಹಂಗೇ ಕಟ್ಟಿದೀನಿ."

"ಸೀಟಿಗೆ ಹೇಳಲ್ವಾ? ಅಕ್ಕಂದು ಏನೂ ತಪ್ಪಿರಲಿಲ್ಲ ಅಂತ?"

"ಹೇಳಿದ್ರೆ ಏನಾಗತ್ತೆ ಗೊತ್ತಾ? ಆ ಕ್ವಾರಿ ಗಾಡಿ ಎಲ್ಲ ಬೇರೆ ಕಡೆ ಹೋಗತ್ತೆ. ಆಮೇಲೆ ನೀನೂ ನಾನೂ ಈ ಗೋಡೆ ಮೇಲಿನ ಸ್ಪ್ಯಾನರ್ ನೋಡ್ಕೊಂಡು ಕೂರಬೇಕು. ಬಾಯಿ ಮುಚ್ಕೊಂಡಿರು."

ಇದೇ ಮನುಷ್ಯ ನೆಲದ ಮೇಲೆ ಒಂದು ಹನಿ ಆಯಿಲ್ ಬಿದ್ದರೆ ನನ್ನನ್ನು ಅರ್ಧ ದಿನ ಬಯ್ಯುತ್ತಾನೆ. ನನ್ನ ಅಕ್ಕನ ಮೇಲೆ ಬಿದ್ದದ್ದನ್ನು ಒರೆಸುವುದಕ್ಕೆ ಅವನ ಹತ್ತಿರ ಬಟ್ಟೆ ಇಲ್ಲ. ಹಲ್ಲು ಕಚ್ಚಿಕೊಂಡು ಟ್ಯಾಗು ಕತ್ತರಿಸಿದೆ. ಪೈಪನ್ನು ಮೇಲಕ್ಕೆ ಹಾಯಿಸಿ ಕೊಕ್ಕೆಗೆ ಸಿಕ್ಕಿಸಿದೆ. ಬಾಯಿಯನ್ನು ಮಾತ್ರ ಮುಚ್ಚಿಕೊಳ್ಳಲಿಲ್ಲ. ಮಧ್ಯಾಹ್ನ ಮನೆಗೆ ಹೋದಾಗ ಅಕ್ಕನಿಗೆ ಎಲ್ಲವನ್ನೂ ಹೇಳಿದೆ.

ಅವಳು ಅಳುತ್ತಾಳೆ ಎಂದುಕೊಂಡಿದ್ದೆ, ಇಲ್ಲವೇ ಮಾವನನ್ನು ಬಯ್ಯುತ್ತಾಳೆ ಎಂದು. ಅವಳು ಕೇಳಿದ್ದು ಒಂದೇ: "ಬಾಮೈದನ ಗಾಡೀಲೂ ಹಂಗೇ ಇದ್ಯಾ?"

"ಹ್ಞೂಂ."

"ಅದನ್ನ ಮುಟ್ಟಬೇಡ."

ಭಾನುವಾರ ಬೆಳಿಗ್ಗೆ ಹಳ್ಳದ ದಡದಲ್ಲಿ ನಾವೆಲ್ಲ ನಿಂತೆವು. ಸೀಟಿ, ಬಾಮೈದ, ಮಾವ, ನಾನು. ಮಾವ ಇಸ್ತ್ರಿ ಹಾಕಿದ ಪ್ಯಾಂಟಿನಲ್ಲಿ, ಕೆಸರಿನಿಂದ ಒಂದು ಮಾರು ದೂರ. ಸೀಟಿ ತೀರ್ಪುಗಾರನ ಠೀವಿಯಿಂದ ಸೀಟಿ ಊದಿದ. ಅಕ್ಕ ಇಳಿದಳು, ನಡುವೆ ಹೋದಳು, ಪಕ್ಕಕ್ಕೆ ಸರಿದು ನಿಂತಳು. ಇಂಜಿನ್ ಓಡುತ್ತಲೇ ಇತ್ತು. ಸೀಟಿ ಒಮ್ಮೆ ಕೈಗಡಿಯಾರ ನೋಡಿದ, ಒಮ್ಮೆ ಆಕಾಶ ನೋಡಿದ. ಸಾಯಲಿ ಎಂದು ಕಾಯುವವನಿಗೆ ಸಾವು ತಡವಾದರೆ ಹೇಗಿರುತ್ತದೋ ಹಾಗೆ ಮುಖ ಮಾಡಿಕೊಂಡು, ಕೊನೆಗೆ ಬಾ ಎಂದು ಕೈ ಮಾಡಿದ.

"ನೋಡಿದ್ರಾ ಮೇಸ್ತ್ರಿ? ನಾನು ಹೇಳಿದ್ದು. ಗಾಡಿಲಿ ಏನೂ ಇಲ್ಲ. ಸ್ವಲ್ಪ ಗದರಿಸಿದ ಮೇಲೆ ಹೆಬ್ಬೆರಳು ಗಟ್ಟಿ ಆಯ್ತು."

ಮಾವ ನನ್ನ ಮೊಣಕೈ ಹಿಂಡಿ ಹಿಡಿದ.

ಅಕ್ಕ ಗಾಡಿಯಿಂದ ಇಳಿದು ಹೆಲ್ಮೆಟ್ ತೆಗೆದಳು. ತುಂಬ ವಿನಯದಿಂದ ಹೇಳಿದಳು:

"ಸಾರ್, ನಾನು ರಜೆ ಹಾಕಿದ ದಿನ ಮುಂದಿನ ಗಾಡಿ ಇವರದೇ ಅಲ್ವಾ? ನಡುವೆ ನಿಂತು ಹಿಂದಿನವರನ್ನ ದಾಟಿಸೋದು ಇವರಿಗೆ ರೂಢಿ ಇಲ್ಲ. ಒಂದು ಸಲ ನಿಂತು ನೋಡ್ಲಿ."

"ಅದರಲ್ಲೇನಿದೆ," ಎಂದ ಬಾಮೈದ. ಕನ್ನಡಕ ಸರಿಮಾಡಿಕೊಂಡ. ರೆಕ್ಕೆ ಎಬ್ಬಿಸಿಕೊಂಡು ಹೋಗಿ ನಡುನೀರಲ್ಲಿ ನಿಂತ. ಒಂದು ಕೈ ಸೊಂಟದ ಮೇಲಿಟ್ಟು ನಮ್ಮ ಕಡೆ ತಿರುಗಿದ, ಯಾರಾದರೂ ಫೋಟೊ ತೆಗೆಯುತ್ತಿದ್ದಾರೇನೋ ಎಂಬಂತೆ. ಯಾರೂ ತೆಗೆಯಲಿಲ್ಲ. ಅವನ ಗಾಡಿ ಗೊರಗೊರ ಎಂದಿತು. ಅವನು ಲಿವರ್ ಒತ್ತಿದ, ಒತ್ತಿದಷ್ಟೂ ಬೇಗ ನಡುಗಿತು. ಸತ್ತಿತು. ಬಟನ್ ಒತ್ತಿದ, ಮತ್ತೆ ಒತ್ತಿದ. ಕ್ವಾರಿಯ ಗೋಡೆಗಳ ನಡುವೆ ಸ್ಟಾರ್ಟರಿನ ಕುಂಯ್ ಕುಂಯ್ ಬಿಟ್ಟರೆ ಬೇರೆ ಶಬ್ದವಿಲ್ಲ.

"ಹೆಬ್ಬೆರಳು ಸಡಿಲ ಬಿಟ್ರೇನೋ ನೋಡಿ," ಎಂದಳು ಅಕ್ಕ.

ಜೀವನದಲ್ಲಿ ನಾನು ಕೇಳಿದ ಮಾತುಗಳಲ್ಲಿ ಅಷ್ಟು ಸಿಹಿಯಾದದ್ದು ಇನ್ನೊಂದಿಲ್ಲ. ಆ ಸಿಹಿ ಗಂಟಲಿಗೆ ಇಳಿಯುವ ಮೊದಲೇ ಸೀಟಿ ತಿರುಗಿದ. ಬಾಮೈದನ ಕಡೆಗಲ್ಲ, ಅಕ್ಕನ ಕಡೆ.

"ನಿನ್ನೆ ಸಾಯಂಕಾಲ ಆ ಗಾಡಿ ತೊಳೆದಿಟ್ಟೋರು ಯಾರು?"

"ನಾನೇ ಸಾರ್. ದಿನಾ ನಾನೇ ತಾನೆ ತೊಳೆಯೋದು."

"ಅದೇ ಅಂದ್ಕೊಂಡೆ. ನಿನ್ನ ಗಾಡಿ ಸರಿ ಹೋಯ್ತು, ಇವನದು ಕೆಟ್ಟೋಯ್ತು. ಏನ್ ಮಾಡಿಟ್ಟೆ ಅದಕ್ಕೆ? ಹೇಳು. ಕೆಲಸ ಹೋಗತ್ತೆ ಅಂತ ಇಂಥದ್ದೆಲ್ಲ ಮಾಡೋರನ್ನ ನಾನು ಗೇಟಲ್ಲೂ ಕೂರಿಸಲ್ಲ."

ಅಕ್ಕ ಎಷ್ಟು ಲೆಕ್ಕ ಹಾಕಿದ್ದರೂ ಇದನ್ನು ಹಾಕಿರಲಿಲ್ಲ. ಇಂಥ ಕೀಳು ಬುದ್ಧಿ ಲೆಕ್ಕಕ್ಕೆ ಸಿಗುವುದೂ ಇಲ್ಲ. ನಾನು ಬಾಯಿ ತೆರೆದೆ. ಮಾವ ಅಡ್ಡ ಬರುತ್ತಾನೆ, ಸುಳ್ಳು ಹೇಳುತ್ತಾನೆ ಎಂದುಕೊಂಡು, ಆಗ ಅವನ ಮುಖದ ಮೇಲೆ ಎಸೆಯುವುದಕ್ಕೂ ಮಾತು ಕಟ್ಟಿಟ್ಟುಕೊಂಡಿದ್ದೆ. ನೋಡಿದರೆ ನನ್ನ ಮೊಣಕೈ ಹಿಡಿದಿದ್ದ ಕೈ ಇಲ್ಲ. ಮಾವ ನೀರಿನಲ್ಲಿದ್ದ.

ಇಸ್ತ್ರಿ ಪ್ಯಾಂಟು, ಪಾಲಿಷ್ ಹಾಕಿದ ಬೂಟು, ಯಾವುದನ್ನೂ ತೆಗೆಯದೆ, ಮಡಚದೆ, ನಡುಹಳ್ಳಕ್ಕೆ ನಡೆದುಹೋಗುತ್ತಿದ್ದ. ಕೂರುವ ಮೊದಲು ಸ್ಟೂಲು ಒರೆಸುವ ಮನುಷ್ಯ. ಬಾಮೈದನ ಗಾಡಿಯ ಪಕ್ಕ ಬಗ್ಗಿದ, ಹೆಗಲವರೆಗೂ ಕೈ ನೀರಿಗೆ ಬಿಟ್ಟ, ಇನ್ನೊಂದು ಕೈಯಿಂದ ಜೇಬಿನ ಕಟರು ತೆಗೆದ. ಸ್ವಲ್ಪ ಹೊತ್ತು ತಡಕಾಡಿದ. ಮೇಲೆದ್ದಾಗ ಅವನ ಕೈಯಲ್ಲಿ ಕತ್ತರಿಸಿದ ಕಪ್ಪು ಟ್ಯಾಗಿತ್ತು. ಗಾಳಿ ಪೈಪನ್ನು ನೀರಿನಿಂದ ಎತ್ತಿ, ಬಾಯಿಟ್ಟು ಊದಿ, ಹ್ಯಾಂಡಲ್ಲಿನ ಹತ್ತಿರ ಹಿಡಿದುಕೊಂಡ.

"ಈಗ ಸ್ಟಾರ್ಟ್ ಮಾಡು," ಎಂದ ಬಾಮೈದನಿಗೆ.

ಒಂದೆರಡು ಸಲ ಕೆಮ್ಮಿ ಎದ್ದಿತು. ನಡುನೀರಲ್ಲೇ.

"ಯಾರೂ ಏನೂ ಮಾಡಿಲ್ಲ ಸಾಹುಕಾರ್ರೇ," ಎಂದ ಮಾವ, ಅಲ್ಲಿಂದಲೇ, ಇಂಜಿನ್ ಶಬ್ದದ ಮೇಲೆ ಕೇಳುವ ಹಾಗೆ. "ಇದು ನಾನು ಕಟ್ಟಿದ್ದು. ಮೇಲಿರಬೇಕಾದ ಪೈಪು ಕೆಳಗೆ ಕಟ್ಟಿದೆ. ನೋಡೋಕೆ ಚೆಂದ ಇತ್ತು. ನಿಮ್ಮ ಎಲ್ಲ ಗಾಡಿಲೂ ಹಂಗೇ ಇದೆ. ನೀರಲ್ಲಿ ನಿಲ್ಲಿಸೋಳು ಅವಳೊಬ್ಬಳು, ಅದಕ್ಕೆ ಅವಳದೇ ಸಾಯ್ತಿತ್ತು. ಹುಡುಗಿ ಕೈ ಮೊದಲಿಂದ್ಲೂ ಸರಿಯಾಗೇ ಇತ್ತು."

ಸೀಟಿ ಬಾಮೈದನನ್ನು ನೋಡಿದ. ಮಾವನನ್ನು ನೋಡಿದ. ಅಕ್ಕನನ್ನು ಮಾತ್ರ ನೋಡಲಿಲ್ಲ. ಕ್ಷಮಿಸು ಎಂಬ ಪದ ಅವನ ಬಾಯಿಗೆ ಎಂದೂ ಬಂದಿಲ್ಲ, ಅಂದು ಬೆಳಿಗ್ಗೆ ಬರುವ ಆತುರವೇನೂ ಅದಕ್ಕೆ ಇರಲಿಲ್ಲ.

"ಹಂಗಾದ್ರೆ ನಾನು ಬೇರೆ ವರ್ಕ್‌ಶಾಪ್ ನೋಡ್ಕೋಬೇಕಾಗತ್ತೆ ಮೇಸ್ತ್ರಿ."

"ನೋಡ್ಕೊಳ್ಳಿ. ಅಲ್ಲೀವರ್ಗೂ ನಾನು ಕಟ್ಟಿದ್ದನ್ನ ನಾನೇ ಬಿಚ್ತೀನಿ."

ಮಾವ ಬೂಟಿನಿಂದ ಪಚಪಚ ಸದ್ದು ಮಾಡಿಕೊಂಡು ದಡಕ್ಕೆ ಬಂದ. ನಾನು ಕಟ್ಟಿಟ್ಟುಕೊಂಡಿದ್ದ ಮಾತೆಲ್ಲ ಬಾಯಲ್ಲೇ ಉಳಿದು, ಪೆಟ್ರೋಲಿನ ಬಾಟಲಿಯ ಹಾಗೆ ಇದೂ ದಂಡವಾಯಿತು. ಈ ಮನುಷ್ಯ ನನ್ನ ಸಿಟ್ಟಿಗೂ ಮರ್ಯಾದೆ ಕೊಡಲಿಲ್ಲ.

"ಸಾರ್," ಎಂದಳು ಅಕ್ಕ, "ಮುಂದಿನ ಗಾಡಿ?"

ಮೇಲೆ ಗೇಟಿನ ಹತ್ತಿರ ಕಾರಿನ ಹಾರನ್ನು ಕೇಳಿಸಿತು. "ಜನ ಬಂದ್ರು, ಗೇಟ್ ತೆಗೀರಿ," ಎಂದು ಸೀಟಿ ಯಾರಿಗೋ ಹೇಳುವವನ ಹಾಗೆ ಹೇಳಿ ಇಳಿಜಾರು ಹತ್ತಿದ. ಅಕ್ಕ ಅದನ್ನೇ ಉತ್ತರವೆಂದು ತೆಗೆದುಕೊಂಡು ಹೆಲ್ಮೆಟ್ ಹಾಕಿಕೊಂಡಳು. ಒದ್ದೆಯಾದ ಬಾಮೈದ ನಡುಗುತ್ತ ಗೇಟಿಗೆ ಹೋಗಿ ನಿಂತ. ಬಂದವರು ಅವನನ್ನು ಹೆಲ್ಮೆಟ್ ಕೊಡುವವನೆಂದೇ ತಿಳಿದರು, ಅವನು ಕೊಟ್ಟ.

ನಾನೂ ಮಾವನೂ ಮೇಲೆ ಗಾಡಿ ನಿಲ್ಲಿಸುವಲ್ಲಿ ಕೂತು ಉಳಿದ ಗಾಡಿಗಳ ಟ್ಯಾಗು ಕತ್ತರಿಸಿ, ಪೈಪು ಮೇಲೆತ್ತಿ, ಒಂದೊಂದನ್ನೇ ಸಾಲಿಗೆ ಬಿಟ್ಟೆವು. ಬರೀ ಕೊಕ್ಕೆಗೆ ಸಿಕ್ಕಿಸಿ ಬಿಟ್ಟರೆ ಮಾವನ ಮನಸ್ಸು ಒಪ್ಪಲಿಲ್ಲ. ಕೊಕ್ಕೆಯ ಜೊತೆ ಒಂದು ಹೊಸ ಟ್ಯಾಗು ಹಾಕಿ ಬಿಗಿದ.

"ಆ ಬಾಲ ನೆಟ್ಟಗೆ ಕತ್ತರಿಸು," ಎಂದ ನನಗೆ.

"ಇನ್ನೂ ಬುದ್ಧಿ ಬಂದಿಲ್ವಾ ನಿಂಗೆ?"

"ಬಾಲಕ್ಕೂ ಬುದ್ಧಿಗೂ ಏನೋ ಸಂಬಂಧ? ಕತ್ತರಿಸು."

ಕೊನೆಯ ಗಾಡಿಯನ್ನೂ ಬಿಟ್ಟು ನಾವು ದಡಕ್ಕೆ ಇಳಿಯುವಷ್ಟರಲ್ಲಿ ಸಾಲು ಹಳ್ಳ ತಲುಪಿತ್ತು. ಅಕ್ಕ ನಡುವೆ ನಿಂತು ಎಲ್ಲರನ್ನೂ ದಾಟಿಸಿದಳು. ಕೊನೆಯವನು ದಪ್ಪನೆಯ ಮನುಷ್ಯ, ಕಣ್ಣು ಮುಚ್ಚಿಕೊಂಡೇ ಇಳಿದು ಕಣ್ಣು ಮುಚ್ಚಿಕೊಂಡೇ ಹತ್ತಿದ. ಎಲ್ಲರೂ ಆ ಕಡೆ ಸೇರಿದ ಮೇಲೂ ಅವಳು ಹೊರಡಲಿಲ್ಲ. ಮೇಲಿನಿಂದ ಸೀಟಿ ಊದಿದ. ಮತ್ತೆ ಊದಿದ. ಅಕ್ಕ ತಲೆ ಎತ್ತಲಿಲ್ಲ. ಲಿವರಿನಿಂದ ಹೆಬ್ಬೆರಳನ್ನು ಪೂರ್ತಿ ತೆಗೆದು, ಎರಡೂ ಕೈ ತೊಡೆಯ ಮೇಲಿಟ್ಟುಕೊಂಡು, ಬಸ್ಸಿಗೆ ಕಾಯುವವಳ ಹಾಗೆ ನೀರಿನ ನಡುವೆ ಕೂತಿದ್ದಳು. ಇಂಜಿನ್ ತನ್ನ ಪಾಡಿಗೆ ತಾನು ಓಡುತ್ತಿತ್ತು.